ನೊರೆ ಇಳಿಯುವ ತನಕ

ಆ ಪೆಟ್ರೋಲ್ ಬಂಕನ್ನು ಲಾರಿಗಳಿಗೆಂದು ಕಟ್ಟಿದ್ದಲ್ಲ. ಸ್ಕೂಟರು, ಕಾರು, ಹೆಚ್ಚೆಂದರೆ ಹಾಲಿನ ವ್ಯಾನು ಬಂದು ಹೋಗಲಿ ಎಂದು ಊರೊಳಗಿನ ಎರಡು ರಸ್ತೆ ಕೂಡುವ ಮೂಲೆಯಲ್ಲಿ ಯಾರೋ ಪುಣ್ಯಾತ್ಮರು ಕಟ್ಟಿಸಿದ್ದು. ಚಾವಣಿ ತಗ್ಗು, ಕಂಬಗಳು ಒತ್ತೊತ್ತು, ಪಂಪಿನ ಪೈಪು ಗಿಡ್ಡ. ದೊಡ್ಡ ಲಾರಿಯೇನಾದರೂ ಒಳಗೆ ಕಾಲಿಟ್ಟರೆ ಅದರ ಮೂತಿ ಪಂಪಿನ ಹತ್ತಿರ, ಬಾಲ ರಸ್ತೆಯ ನಡುವೆ. ಹಿಂದಿನಿಂದ ಊರಿಗೆ ಊರೇ ಹಾರ್ನ್ ಒತ್ತುತ್ತದೆ. ಟ್ಯಾಂಕು ಒಂದು ಮಗ್ಗುಲಿಗಿದ್ದರೆ ಪಂಪು ಇನ್ನೊಂದು ಮಗ್ಗುಲಿಗೆ. ಪೈಪು ಎಳೆದರೂ ಮುಟ್ಟುವುದಿಲ್ಲ, ಬೈದರೂ ಮುಟ್ಟುವುದಿಲ್ಲ. ಅದಕ್ಕೇ ಒಳಬರುವ ದಾರಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿಯೊಂದನ್ನು ಕಟ್ಟಿ, ತಗಡಿನ ತುಂಡುಗಳನ್ನು ನೇತುಹಾಕಿದ್ದರು. ತಗಡು ಗಲಗಲ ಎಂದರೆ ನಿಮ್ಮ ಗಾಡಿ ಎತ್ತರ, ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು ಹೋಗಬೇಕು.

ಅಲ್ಲಿ ಮೂರನೇ ಪಂಪಿನಲ್ಲಿ ಡೀಸೆಲ್ ಹಾಕುವವಳನ್ನು ಎಲ್ಲರೂ ಪಂಪಕ್ಕ ಎನ್ನುತ್ತಿದ್ದರು. ಕೆಲಸದಲ್ಲಿ ಅವಳನ್ನು ಮೀರಿಸುವವರಿಲ್ಲ ಎಂಬುದನ್ನು ಮ್ಯಾನೇಜರನೂ ಒಪ್ಪಿಕೊಳ್ಳುತ್ತಿದ್ದ, ಒಪ್ಪಿಕೊಂಡ ಮೇಲೆ ಮುಖ ಹುಳ್ಳಗೆ ಮಾಡಿ "ಆದ್ರೆ..." ಎಂದು ಬಾಲ ಸೇರಿಸುತ್ತಿದ್ದ. ಆ 'ಆದ್ರೆ'ಗೆ ಕಾರಣವಿತ್ತು. ಯಾವ ಬಂಕಿನಲ್ಲೇ ಆಗಲಿ, ದೊಡ್ಡ ಗಾಡಿಗೆ ಡೀಸೆಲ್ ತುಂಬಿ ಮುಚ್ಚಳ ತಿರುಗಿಸಿದ ಮೇಲೆ ಕೆಲಸದವರು ಡ್ರೈವರನ ಬಾಗಿಲಿಗೆ ಅಂಗೈಯಿಂದ ಎರಡು ಸಲ ಬಡಿಯುತ್ತಾರೆ. ಡಬ್, ಡಬ್. ಆಯ್ತು, ಹೊರಡು ಎಂದು. ಅಷ್ಟೆತ್ತರದಲ್ಲಿ ಗಾಜು ಏರಿಸಿಕೊಂಡು ಕೂತವನಿಗೆ ಬಾಯಿಮಾತು ಕೇಳುವುದಿಲ್ಲವಲ್ಲ. ಪಂಪಕ್ಕ ಮಾತ್ರ ಬಡಿಯುತ್ತಿರಲಿಲ್ಲ. ಗಾಡಿಯ ಮುಂದಕ್ಕೆ ಸುತ್ತು ಹಾಕಿ ಬಂದು, ಗಾಜಿನೆದುರು ನಿಂತು, ಕೈ ಬೀಸುತ್ತಿದ್ದಳು.

"ಬಾಗಿಲಿಗೆ ಮುಳ್ಳಿದೆಯೇನು ಪಂಪಕ್ಕ?" ಎಂದು ಗಾಳಿಯಣ್ಣ ಛೇಡಿಸುತ್ತಿದ್ದ. ಗಾಳಿಯಣ್ಣ ಎಂದರೆ ಬಂಕಿನ ಮೂಲೆಯಲ್ಲಿ ಚಕ್ರಗಳಿಗೆ ಗಾಳಿ ಹಿಡಿಯುವ, ಬಿಡುವಾದಾಗ ಊರ ಸುದ್ದಿಗೂ ಗಾಳಿ ಹಿಡಿಯುವ ಮನುಷ್ಯ.

"ಕೈನೋವು ಕಣಣ್ಣ" ಎನ್ನುತ್ತಿದ್ದಳು ಅವಳು.

ಕೈನೋವೂ ಅಲ್ಲ, ಕಾಲುನೋವೂ ಅಲ್ಲ. ಅವಳ ಗಂಡ ಲಾರಿ ಡ್ರೈವರ್ ಆಗಿದ್ದ. ಕಬ್ಬಿಣದ ಪೈಪು ಹೇರಿಕೊಂಡು ಆಗಾಗ ಈ ಊರಿನ ಮೇಲೆ ಹಾದುಹೋಗುತ್ತಿದ್ದ. ಹೊರರಸ್ತೆಯಲ್ಲಿ ಲಾರಿಗಳಿಗೆಂದೇ ಮೈದಾನದಂಥ ಬಂಕುಗಳಿದ್ದವು. ಅಲ್ಲಿನ ದಪ್ಪ ಪೈಪು ಟ್ಯಾಂಕಿಗೆ ಬಾಯಿಟ್ಟರೆ ಒಂದು ಬೀಡಿ ಸೇದುವಷ್ಟರಲ್ಲಿ ತುಂಬಿಹೋಗುತ್ತಿತ್ತು. ಆದರೂ ಹೆಂಡತಿಯ ಮುಖ ನೋಡುವ ನೆಪಕ್ಕೆ ಅವನು ಈ ಇಕ್ಕಟ್ಟಿಗೇ ಬರುತ್ತಿದ್ದ. ಅದಕ್ಕೊಂದು ಉಪಾಯವನ್ನೂ ಕಂಡುಕೊಂಡಿದ್ದ. ಎಲ್ಲರೂ ಒಳಬರುವ ದಾರಿ ಬಿಟ್ಟು, ಎಲ್ಲರೂ ಹೊರಹೋಗುವ ದಾರಿಯಿಂದ ನುಗ್ಗುವುದು. ಆ ಕಡೆ ನೆಲ ಇಳಿಜಾರಾದ್ದರಿಂದ ಚಾವಣಿ ತಲೆಗೆ ತಾಗುವುದಿಲ್ಲ. ಟ್ಯಾಂಕು ಸೀದಾ ಮೂರನೇ ಪಂಪಿನ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಆದರೆ ಹಾಗೆ ಬರಬೇಕಾದರೆ ಎದುರಿನ ಬೇಕರಿಯ ಮೆಟ್ಟಿಲಿನವರೆಗೂ ಗಾಡಿಯನ್ನು ಅಗಲಕ್ಕೆ ತೆಗೆದುಕೊಂಡು, ಮೂಲೆಯ ದೀಪದ ಕಂಬವನ್ನು ಕೂದಲೆಳೆಯಲ್ಲಿ ತಪ್ಪಿಸಿ, ಒಂದೇ ಏಟಿಗೆ ತಿರುಗಿಸಬೇಕು. ಅವನನ್ನು ನೋಡಿ ತಾವೂ ಪ್ರಯತ್ನಿಸಿದ ಒಬ್ಬಿಬ್ಬರು ಡ್ರೈವರುಗಳು ಕಂಬಕ್ಕೆ ಕನ್ನಡಿ ಕೊಟ್ಟು ಹೋಗಿದ್ದರು. ಆಮೇಲೆ ಯಾರೂ ಆ ಸಾಹಸಕ್ಕೆ ಕೈ ಹಾಕಲಿಲ್ಲ.

ಅವನು ಕಡೆಯ ಸಲ ಬಂದದ್ದು ಒಂದು ಮಟಮಟ ಮಧ್ಯಾಹ್ನ. ಕಣ್ಣು ಕೆಂಪಗಾಗಿ, ಮಾತು ತಡವರಿಸುತ್ತಿತ್ತು. ಹಿಂದಿನ ರಾತ್ರಿಯೂ, ಅದರ ಹಿಂದಿನ ರಾತ್ರಿಯೂ ಮಲಗಿರಲಿಲ್ಲ. "ನೀನು ತುಂಬಿಸೋ ಅಷ್ಟರಲ್ಲಿ ಒಂದು ಚೂರು ಕಣ್ಣು ಮುಚ್ತೀನಿ ಕಣೇ" ಎಂದವನೇ ಸ್ಟೀರಿಂಗಿಗೆ ತಲೆ ಕೊಟ್ಟು ಮಲಗಿಬಿಟ್ಟ. ಊರೊಳಗಿನ ಪಂಪಿನ ಮೂತಿ ಸಣ್ಣದು. ಲಾರಿಯ ಟ್ಯಾಂಕಿನಲ್ಲಿ ಡೀಸೆಲ್ ನೊರೆಯೇಳುತ್ತದೆ, ನೊರೆ ಮೂತಿಗೆ ತಾಗಿದೊಡನೆ ಪಂಪು ಟಕ್ ಎಂದು ನಿಲ್ಲುತ್ತದೆ. ನೊರೆ ಇಳಿಯುವ ತನಕ ಕಾಯಬೇಕು, ಮತ್ತೆ ಒತ್ತಬೇಕು, ಮತ್ತೆ ಕಾಯಬೇಕು. ಆವತ್ತು ಕಾಯಲು ಬಿಡುವಿರಲಿಲ್ಲ. ಹೊರಹೋಗುವ ದಾರಿಗೆ ಲಾರಿ ಅಡ್ಡ ನಿಂತದ್ದರಿಂದ ಒಳಗಿದ್ದ ಕಾರುಗಳು ಬೋನಿಗೆ ಬಿದ್ದ ಇಲಿಗಳಾಗಿದ್ದವು. ಒಂದೇ ಸಮನೆ ಹಾರ್ನು. ಗಾಜಿನ ರೂಮಿನಿಂದ ಮ್ಯಾನೇಜರನ ಮೈಕು ಬೇರೆ: "ಮೂರನೇ ಪಂಪು! ಆಗಿದ್ದಷ್ಟು ಸಾಕು! ಬಡಿಯಮ್ಮ ಬಾಗಿಲು!" ಅವಳು ಮುಚ್ಚಳ ತಿರುಗಿಸಿದಳು. ಮೇಲೆ ನೋಡಿದಳು. ಗಾಜಿನಲ್ಲಿ ಅವನ ಕತ್ತಿನ ಹಿಂಭಾಗ ಮಾತ್ರ ಕಾಣುತ್ತಿತ್ತು, ಬೆವರಿಗೆ ಕೂದಲು ಅಂಟಿಕೊಂಡಿತ್ತು. ಅಯ್ಯೋ ಪಾಪ ಅನ್ನಿಸಿತು. ಆದರೂ ಬಡಿದಳು. ಡಬ್, ಡಬ್. ಅವನು ಬೆಚ್ಚಿ ಎದ್ದು, ಬಾಯಿ ಒರೆಸಿಕೊಂಡು, ಅವಳನ್ನು ನೋಡಿ ನಕ್ಕು, "ಆಯ್ತಾ?" ಎಂದ. ಗಾಡಿ ಹೊರಟಿತು. ಇಟ್ಟಿಗೆ ಗೂಡುಗಳನ್ನು ದಾಟಿದ ಮೇಲೆ ರಸ್ತೆ ಎಡಕ್ಕೆ ತಿರುಗುತ್ತದೆ; ಅವನ ಲಾರಿ ತಿರುಗಲಿಲ್ಲ. ನೆಲದ ಮೇಲೆ ಬ್ರೇಕಿನ ಗುರುತೇ ಇರಲಿಲ್ಲ ಎಂದು ಪೊಲೀಸರು ಹೇಳಿದರು.

ಅತ್ತೆಗೆ ಅವಳು ಬ್ರೇಕ್ ಫೇಲಾಯಿತು ಎಂದಿದ್ದಳು. ಅತ್ತೆ ಅದನ್ನೇ ನಂಬಿಕೊಂಡು ದಿನಾ ಒಂದು ಸಲವಾದರೂ ಹೇಳುತ್ತಿದ್ದರು: "ಹೋಗೋ ಮುಂಚೆ ನಿನ್ನ ಮುಖ ನೋಡ್ಕೊಂಡು ಹೋದ ನೋಡು, ಅಷ್ಟೇ ಸಮಾಧಾನ ನನಗೆ." ಆ ಮಾತು ಕೇಳಿದಾಗೆಲ್ಲ ಸೊಸೆ ಏನಾದರೊಂದು ಕೆಲಸದ ನೆಪ ಹೇಳಿ ಎದ್ದುಹೋಗುತ್ತಿದ್ದಳು. ಮುಖ ನೋಡಿಕೊಂಡು ಹೋಗಿದ್ದಲ್ಲ ಅತ್ತೆ, ನಾನೇ ಎಬ್ಬಿಸಿ ಕಳಿಸಿದ್ದು ಎಂದು ಬಾಯಿಯ ತುದಿಗೆ ಬರುತ್ತಿತ್ತು, ಮತ್ತೆ ಒಳಕ್ಕೆ ಹೋಗುತ್ತಿತ್ತು.

ಆಮೇಲೆ ಸದ್ದು ಶುರುವಾಯಿತು. ಮೊದಲ ಸಲ ಬಚ್ಚಲಿನ ನೀರಿನ ಡ್ರಮ್ಮಿನಲ್ಲಿ. ಮುಖ ತೊಳೆಯುತ್ತಿದ್ದಳು, ಡ್ರಮ್ಮಿನ ಒಳಗಿನಿಂದ ಯಾರೋ ಅಂಗೈಯಲ್ಲಿ ಬಡಿದ ಹಾಗೆ: ಡಬ್, ಡಬ್. ಬಿಸಿಲಿಗೆ ತಗಡು ಹಿಗ್ಗಿದ್ದಿರಬೇಕು ಎಂದುಕೊಂಡಳು. ಆಮೇಲೆ ಬೀರುವಿನಲ್ಲಿ ಕೇಳಿತು. ಬಟ್ಟೆ ಜೋಡಿಸುತ್ತಿದ್ದಾಗ, ಬೀರುವಿನ ಬಾಗಿಲು ಅವಳ ಕೈಯಲ್ಲೇ ಇದ್ದಾಗ. ಅತ್ತೆಗೆ ಕೇಳಿಸಲಿಲ್ಲ, ಅತ್ತೆಯ ಕಿವಿ ಸ್ವಲ್ಪ ಮಂದ, ಅದಕ್ಕೇ ಇರಬೇಕು ಎಂದುಕೊಂಡಳು. ಬಸ್ಸಿನಲ್ಲಿ ಕೇಳಿತು, ಖಾಲಿ ಟಿಫಿನ್ ಡಬ್ಬಿಯಲ್ಲಿ ಕೇಳಿತು. ಸದ್ದು ಯಾವಾಗಲೂ ಒಳಗಿನಿಂದ ಬರುತ್ತಿತ್ತು. ಬಡಿಯುವವನು ಒಳಗಿದ್ದಾನೆ, ಅವಳು ಹೊರಗೆ. ಬಡಿದು ಸುಮ್ಮನಾಗುತ್ತಿದ್ದ. ಒಂದು ಮಾತಾಡುತ್ತಿರಲಿಲ್ಲ. ಅವಳು ಕೆಲಸ ಬಿಟ್ಟು ಕಿವಿಗೊಟ್ಟು ನಿಲ್ಲುತ್ತಿದ್ದಳು, ಈಗ ಏನಾದರೂ ಹೇಳುತ್ತಾನೆ ಎಂದು. ಭಯಕ್ಕಿಂತ ಆ ಕಾಯುವುದೇ ಅವಳ ಜೀವ ಹಿಂಡುತ್ತಿತ್ತು.

ಹೀಗೆ ಎರಡು ವರ್ಷ ಕಳೆಯಿತು. ಹೊರರಸ್ತೆಯ ಸೇತುವೆಗೆ ರಿಪೇರಿ ಬಂತು. ಲಾರಿಗಳೆಲ್ಲ ಊರೊಳಗೆ ಹರಿದುಬರತೊಡಗಿದವು. ಬಂಕಿನ ತಗಡುಗಳಿಗೆ ಪುರುಸೊತ್ತಿಲ್ಲದ ಹಾಗೆ ಗಲಗಲ. ಕೆಲವರು ರಸ್ತೆಯಲ್ಲೇ ಗಾಡಿ ನಿಲ್ಲಿಸಿ ಕ್ಯಾನು ಹಿಡಿದು ಬರುತ್ತಿದ್ದರು, ಕೆಲವರು ಕೈಮುಗಿಯುತ್ತಿದ್ದರು, ಕೆಲವರು ತಾಯಿ ತಂಗಿಯರನ್ನೆಲ್ಲ ನೆನೆಯುತ್ತಿದ್ದರು. ಮ್ಯಾನೇಜರ್ ಗಂಟಲು ಹರಿದುಕೊಂಡು ಕೂಗಿ ಕೂಗಿ ದನಿ ಕೂತುಹೋಗಿತ್ತು. ಅವನ ಮೈಕಿನ ಮೇಲೆ ಬಹಳ ಕಾಲದಿಂದ ಒಂದು ಬಟ್ಟೆ ಮುಚ್ಚಿತ್ತು. ಕೆಟ್ಟಿದೆ ಎನ್ನುತ್ತಿದ್ದ. ರಿಪೇರಿ ಮಾಡಿಸಿ ಸಾರ್ ಎಂದರೆ ಕೇಳಿಸದವನ ಹಾಗೆ ಇರುತ್ತಿದ್ದ.

ಅಂಥದೊಂದು ಮಧ್ಯಾಹ್ನ ಪಂಪಕ್ಕ ಒಂದು ಕಾರಿಗೆ ಡೀಸೆಲ್ ಹಾಕಿ ತಲೆಯೆತ್ತಿದಾಗ, ಬೇಕರಿಯ ಮೆಟ್ಟಿಲಿನವರೆಗೂ ಅಗಲಕ್ಕೆ ಹೋಗಿ ತಿರುಗುತ್ತಿರುವ ಲಾರಿಯೊಂದು ಕಂಡಿತು. ನೀಲಿ ಬಣ್ಣದ್ದು, ಪೈಪು ಹೇರಿದ್ದು. ಆತುರವಿಲ್ಲ, ಅನುಮಾನವಿಲ್ಲ; ದೀಪದ ಕಂಬವನ್ನು ಕೂದಲೆಳೆಯಲ್ಲಿ ತಪ್ಪಿಸಿ, ಹೊರಹೋಗುವ ದಾರಿಯಿಂದ ಒಂದೇ ಏಟಿಗೆ ಒಳಗೆ ಬಂದು, ಟ್ಯಾಂಕನ್ನು ಮೂರನೇ ಪಂಪಿಗೆ ಒಪ್ಪಿಸಿ ನಿಂತಿತು. ಇಂಜಿನ್ ಆಫ್ ಆಯಿತು. ಗಾಳಿಯಣ್ಣನ ಕೈಯಿಂದ ಗಾಳಿಯ ಪೈಪು ಜಾರಿ ಬಿತ್ತು. "ಈ ದಾರಿ ಇವನಿಗೆ ಹೇಳಿಕೊಟ್ಟೋರು ಯಾರು?" ಎಂದ.

ಕೆಲಸದ ರೂಢಿ ದೊಡ್ಡದು. ಎದೆ ಢವಢವ ಎನ್ನುತ್ತಿದ್ದರೂ ಕೈ ತನ್ನ ಪಾಡಿಗೆ ತಾನು ಮುಚ್ಚಳ ಬಿಚ್ಚಿತು, ಪಂಪಿನ ಮೂತಿಯನ್ನು ಟ್ಯಾಂಕಿನ ಬಾಯಿಗಿಟ್ಟಿತು. ಸೀದಾ ಇಟ್ಟರೆ ಒಳಗೆ ಹೋಗಲಿಲ್ಲ. ಮಣಿಕಟ್ಟು ತಾನಾಗಿಯೇ ಸ್ವಲ್ಪ ಎಡಕ್ಕೆ ಹೊರಳಿತು, ಆಗ ಹೋಯಿತು. ಅವಳು ತನ್ನ ಮಣಿಕಟ್ಟನ್ನೇ ನೋಡುತ್ತ ನಿಂತಳು. ಬಾಯಿ ಸೊಟ್ಟಗಾದ ಟ್ಯಾಂಕು ಅವಳಿಗೆ ಗೊತ್ತಿದ್ದದ್ದು ಒಂದೇ. ಬಗ್ಗಿ ನೋಡಿದಳು. ಟ್ಯಾಂಕಿನ ಕೆಳಮೂಲೆಯಲ್ಲಿ ನಗ್ಗಿತ್ತು. ನಗ್ಗಿನೊಳಗೆ, ಹೊಸ ನೀಲಿ ಬಣ್ಣ ಸಿಪ್ಪೆ ಎದ್ದ ಕಡೆ, ಇದೇ ಬಂಕಿನ ಕಂಬದ ಹಳದಿ ಬಣ್ಣ. ಮದುವೆಯಾದ ಹೊಸದರಲ್ಲಿ ಅವಳನ್ನು ನೋಡುತ್ತ ನೋಡುತ್ತ ಅವನು ತಾಗಿಸಿಕೊಂಡ ನಗ್ಗು. ಗುಜರಿಗೆ ಹೋಗಿದೆ ಎಂದುಕೊಂಡಿದ್ದ ಲಾರಿಗೆ ಯಾರೋ ಬೇರೆ ಮೂತಿ ಕೂರಿಸಿ, ಬಣ್ಣ ಬಳಿದು, ರಸ್ತೆಗೆ ಬಿಟ್ಟಿದ್ದರು. ಮುಂದಿನದು ಬೇರೆ ಲಾರಿ, ಹಿಂದಿನದು ಅದೇ.

ಹೊಸ ಡ್ರೈವರ್ ಗಾಜು ಇಳಿಸಿ ಕತ್ತು ಹೊರಹಾಕಿದ. ಮೂವತ್ತು ದಾಟಿರಲಿಕ್ಕಿಲ್ಲ. ಕಣ್ಣು ಕೆಂಪಗಿತ್ತು, ತುಟಿ ಒಡೆದಿತ್ತು. ಸುತ್ತ ನೋಡಿ, ತಲೆಯ ಮೇಲಿನ ಚಾವಣಿ ನೋಡಿ, ಬೆಪ್ಪಾದ.

"ಅಕ್ಕಾ, ಇದು ಯಾವ ಬಂಕು?"

"ಏನು ಹಾಗಂದ್ರೆ? ನೀನೇ ಬಂದು ನಿಲ್ಲಿಸಿದ್ದು."

"ನಾನು ಇಲ್ಲಿಗೆ ಬರ್ಬೇಕು ಅಂದ್ಕೊಂಡಿರ್ಲಿಲ್ಲ. ಊರು ದಾಟಿ ಹೋದ್ಮೇಲೆ ದೊಡ್ಡ ಬಂಕಲ್ಲಿ ಹಾಕಿಸೋಣ ಅಂತಿದ್ದೆ." ಹಣೆ ಉಜ್ಜಿಕೊಂಡ. "ಆ ಸಾಮಿಲ್ ದಾಟಿದ್ದು ಗೊತ್ತು. ಆಮೇಲೆ ಏನೂ ಗೊತ್ತಿಲ್ಲ. ತಿರುಗಿಸಿದ್ದು ನೆನಪೇ ಇಲ್ಲ ಅಕ್ಕಾ. ಯಾರಾದ್ರೂ ಕೈ ತೋರಿಸಿ ಕರೆದ್ರಾ?"

ಯಾರೂ ಕರೆದಿರಲಿಲ್ಲ. ಮರ ಕೊಯ್ಯುವ ಆ ಸಾಮಿಲ್ಲಿನಿಂದ ಬಂಕಿಗೆ ಅರ್ಧ ಊರಿನಷ್ಟು ದಾರಿ. ನಡುವೆ ಶಾಲೆಯ ಗೇಟು, ಆಸ್ಪತ್ರೆಯ ತಿರುವು, ತರಕಾರಿ ಗಾಡಿಗಳು. ಅಷ್ಟೂ ದಾರಿ ಈ ಮನುಷ್ಯ ನಿದ್ದೆಯಲ್ಲೇ ಬಂದಿದ್ದ. ಯಾರು ಓಡಿಸಿದರು, ಯಾರು ತಿರುಗಿಸಿದರು ಎಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ. ಕೇಳದಿದ್ದರೂ ಉತ್ತರ ಎದೆಯೊಳಗೆ ಬಂದು ಕೂತಿತ್ತು.

"ಎಲ್ಲಿಗೆ ಹೋಗ್ಬೇಕು?" ಎಂದಳು.

"ಘಾಟಿ ಇಳಿದು ಗೋಡೌನಿಗೆ. ಸಂಜೆ ಬಾಗಿಲು ಹಾಕೋದ್ರೊಳಗೆ ಇಳಿಸ್ಬೇಕು. ಫುಲ್ ಮಾಡಿ ಅಕ್ಕಾ. ಆದ ತಕ್ಷಣ ಬಾಗಿಲು ಬಡೀರಿ, ಒಂದು ಚೂರು ಕಣ್ಣು ಮುಚ್ಚಿರ್ತೀನಿ."

ಹೇಳಿದವನೇ ಸ್ಟೀರಿಂಗಿಗೆ ತಲೆ ಕೊಟ್ಟ. ಮರುಕ್ಷಣವೇ ಗೊರಕೆ.

ಘಾಟಿಗೆ ಹೋಗಬೇಕಾದರೆ ಇಟ್ಟಿಗೆ ಗೂಡುಗಳನ್ನು ದಾಟಬೇಕು. ಗೂಡುಗಳನ್ನು ದಾಟಿದರೆ ಆ ತಿರುವು. ಪಂಪಕ್ಕನಿಗೆ ಅದಕ್ಕಿಂತ ಹೆಚ್ಚು ಲೆಕ್ಕ ಹಾಕಬೇಕಾಗಿರಲಿಲ್ಲ. ಇವನನ್ನು ಎಬ್ಬಿಸಿ ಕಳಿಸಿದರೆ ಇವನು ಸಾಯುತ್ತಾನೆ. ಅಷ್ಟು ಸ್ಪಷ್ಟವಾಗಿ ಅವಳಿಗೆ ಬದುಕಿನಲ್ಲಿ ಯಾವುದೂ ಗೊತ್ತಾಗಿರಲಿಲ್ಲ. ಎಬ್ಬಿಸದಿದ್ದರೆ ಕೆಲಸ ಹೋಗುತ್ತದೆ, ಅದೂ ಸ್ಪಷ್ಟವಾಗಿತ್ತು; ಅವಳ ಸಂಬಳದಲ್ಲೇ ಮನೆಯ ಒಲೆ ಉರಿಯಬೇಕು, ಅತ್ತೆಯ ಔಷಧಿ ಬರಬೇಕು.

ಅವಳು ಪಂಪಿನ ಹಿಡಿಯನ್ನು ಪೂರ್ತಿ ಒತ್ತಲಿಲ್ಲ. ಒಂದು ಬೆರಳಿನಲ್ಲಿ, ಇದ್ದೂ ಇಲ್ಲದ ಹಾಗೆ ಒತ್ತಿದಳು. ಡೀಸೆಲ್ ನೂಲಿನಷ್ಟು ಸಣ್ಣಗೆ ಇಳಿಯತೊಡಗಿತು. ಮೀಟರಿನ ಅಂಕಿ ಆಕಳಿಸುತ್ತ ಆಕಳಿಸುತ್ತ ಬದಲಾಯಿತು. ಅಷ್ಟು ಸಣ್ಣಗೆ ಬಿಟ್ಟರೆ ನೊರೆಯೇಳುವುದಿಲ್ಲ. ಆದರೂ ಅವಳು ಆಗಾಗ ಬೆರಳು ತೆಗೆದು, ಟ್ಯಾಂಕಿನ ಬಾಯಿಗೆ ಕಣ್ಣಿಟ್ಟು, ಇಲ್ಲದ ನೊರೆ ಇಳಿಯುವುದನ್ನು ಕಾಯುವವಳ ಹಾಗೆ ಕಾಯುತ್ತಿದ್ದಳು.

ಬಗ್ಗಿ ಹಾಗೆ ಕಾಯುತ್ತಿದ್ದಾಗ ಟ್ಯಾಂಕಿನ ಒಳಗಿನಿಂದ ಕೇಳಿತು. ಡಬ್. ಡಬ್.

ಬೇರೆ ದಿನವಾಗಿದ್ದರೆ ಹೆದರಿ ಹಿಂದೆ ಸರಿಯುತ್ತಿದ್ದಳು. ಈವತ್ತು ಅವಳಿಗೆ ಸಿಟ್ಟೇ ಬಂತು. ಟ್ಯಾಂಕಿನ ಬಾಯಿಗೆ ಬಾಯಿಟ್ಟು, ಎಲ್ಲರೂ ಮಲಗಿರುವ ಮನೆಯಲ್ಲಿ ಗಂಡನನ್ನು ಗದರುವ ದನಿಯಲ್ಲಿ, "ರೀ, ಸುಮ್ನಿರಿ. ಮಲಗಿದ್ದಾನೆ ಅವನು" ಎಂದಳು. ಡೀಸೆಲಿನ ವಾಸನೆ ಮೂಗಿಗೆ ಹೊಡೆಯಿತು. ಸದ್ದು ನಿಂತಿತು. ಗಾಳಿಯಣ್ಣ ದೂರದಿಂದ ನೋಡುತ್ತಿದ್ದ. ಲಾರಿಯ ಟ್ಯಾಂಕಿನ ಜೊತೆ ಮಾತಾಡುವ ಹೆಂಗಸನ್ನು ಕಂಡು ಅವನ ಬಾಯಿ ಬಿಟ್ಟದ್ದು ಬಿಟ್ಟ ಹಾಗೇ ಇತ್ತು.

ಅಷ್ಟರಲ್ಲಿ ಕಾರುಗಳು ಗಂಟುಬಿದ್ದಿದ್ದವು. ಡೀಸೆಲ್ ಹಾಕಿಸಿಕೊಂಡವರಿಗೆ ಹೊರಹೋಗಲು ದಾರಿಯಿಲ್ಲ, ಹಾಕಿಸಿಕೊಳ್ಳಬೇಕಾದವರಿಗೆ ಒಳಬರಲು ದಾರಿಯಿಲ್ಲ. ಮೊದಲು ಒಬ್ಬ ಹಾರ್ನ್ ಒತ್ತಿದ, ಅವನನ್ನು ನೋಡಿ ಇನ್ನೊಬ್ಬ, ಕಡೆಗೆ ಯಾವ ಕಾರಣವೂ ಇಲ್ಲದ ಸ್ಕೂಟರಿನವನೂ ಸೇರಿಕೊಂಡ. ಟೈ ಕಟ್ಟಿದ್ದ ಒಬ್ಬ ಇಳಿದು ಬಂದು, "ಏನಮ್ಮ, ಸಮುದ್ರ ತುಂಬಿಸ್ತಿದ್ದೀಯಾ?" ಎಂದ.

"ನೊರೆ ಸಾರ್" ಎಂದಳು ಪಂಪಕ್ಕ. "ಇಳೀಬೇಕು."

ಗಾಜಿನ ರೂಮಿನ ಬಾಗಿಲು ದಢಾರನೆ ತೆರೆಯಿತು. ಮ್ಯಾನೇಜರ್ ಕೆಂಡಾಮಂಡಲವಾಗಿ ಬರುತ್ತಿದ್ದ. ದನಿ ಕೂತುಹೋಗಿದ್ದರಿಂದ ಅವನ ಕೂಗು ಹರಿದ ಬಟ್ಟೆಯ ಹಾಗಿತ್ತು. "ಏನಿದು? ಮೀಟರ್ ನೋಡ್ತಾ ಇದೀನಿ ಒಳಗಿಂದ. ನಲ್ಲಿ ತೊಟ್ಟಿಕ್ಕೋದೂ ಇದಕ್ಕಿಂತ ಜೋರು! ಇದ್ದಷ್ಟು ಸಾಕು, ಮುಚ್ಚಳ ಹಾಕು, ಕಳಿಸು."

"ಆಗಲ್ಲ ಸಾರ್."

"ಏನು ಆಗಲ್ಲ? ಪಂಪು ಕೆಟ್ಟಿದೆಯಾ?"

"ಪಂಪು ಚೆನ್ನಾಗಿದೆ. ಅವನು ಮಲಗಿದಾನೆ."

ಮ್ಯಾನೇಜರ್ ಅವಳನ್ನೂ, ಮೇಲೆ ಸ್ಟೀರಿಂಗಿಗೆ ಒರಗಿದ್ದ ತಲೆಯನ್ನೂ ನೋಡಿದ. "ಮಲಗೋಕೆ ಇದೇನು ಅವರತ್ತೆ ಮನೆನಾ? ಎಬ್ಬಿಸು."

"ಎಬ್ಬಿಸಲ್ಲ."

"ನೀನು ಎಬ್ಬಿಸದಿದ್ರೆ ನಾನು ಎಬ್ಬಿಸ್ತೀನಿ. ನಾಳೆಯಿಂದ ನೀನು ಕೆಲಸಕ್ಕೆ ಬರೋದು ಬೇಡ." ಹೇಳುತ್ತಲೇ ಅವನು ಲಾರಿಯ ಬಾಗಿಲಿನತ್ತ ಹೋಗಿ ಅಂಗೈ ಎತ್ತಿದ.

ಪಂಪಕ್ಕ ಪಂಪಿನ ಮೂತಿಯನ್ನು ಟ್ಯಾಂಕಿನಲ್ಲೇ ಬಿಟ್ಟು ಓಡಿಬಂದು ಆ ಅಂಗೈಗೂ ಬಾಗಿಲಿಗೂ ನಡುವೆ ನಿಂತಳು. ಎರಡು ವರ್ಷ ಗಂಟಲಲ್ಲಿ ಕೂತಿದ್ದದ್ದು ಯಾರಿಗೆ ಹೇಳಬೇಕಿತ್ತೋ ಅವರನ್ನು ಬಿಟ್ಟು, ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡ ಈ ಮನುಷ್ಯನೆದುರು ಹೊರಬಿತ್ತು.

"ಅವತ್ತು ನಮ್ಮನೆಯವರು ಹೀಗೇ ಮಲಗಿದ್ರು ಸಾರ್. ಇಲ್ಲೇ, ಈ ಪಂಪಿನ ಹತ್ರಾನೇ. ನಾನೇ ಬಾಗಿಲು ಬಡಿದು ಎಬ್ಬಿಸಿ ಕಳಿಸಿದೆ. ನಿದ್ದೆ ಕಣ್ಣಲ್ಲಿ ಹೋದ್ರು. ಬ್ರೇಕೂ ಫೇಲಾಗಿರ್ಲಿಲ್ಲ, ಏನೂ ಫೇಲಾಗಿರ್ಲಿಲ್ಲ. ನಾನು ಬಡಿದಿದ್ದಕ್ಕೆ ಸತ್ರು."

ಮ್ಯಾನೇಜರನ ಕೈ ಮೇಲೆಯೇ ಉಳಿಯಿತು. ಅವನ ಮುಖದಲ್ಲಿ ಸಿಟ್ಟು ಇಳಿದುಹೋಗಿ, ಅದರ ಕೆಳಗಿದ್ದ ಬೇರೊಂದು ಮುಖ ಕಾಣಿಸಿತು. ವಯಸ್ಸಾದ, ನಿದ್ದೆಗೆಟ್ಟ ಮುಖ. ಹಾರ್ನುಗಳ ನಡುವೆ ಅವನ ದನಿ ಕೇಳಬೇಕಾದರೆ ಅವಳು ಹತ್ತಿರ ಬಾಗಬೇಕಾಯಿತು.

"ನಿನ್ನಷ್ಟಕ್ಕೆ ನೀನು ಬಡಿದ್ಯೇನಮ್ಮ?" ಎಂದ. "ಬಡಿ ಅಂದವನು ನಾನು."

ಅವನು ಗಾಜಿನ ರೂಮಿನತ್ತ ತಲೆ ತಿರುಗಿಸಿದ.

"ಆ ಮೈಕು ಕೆಟ್ಟಿಲ್ಲ" ಎಂದ ಅವನು. "ಚೆನ್ನಾಗೇ ಇದೆ. ಆದರೆ ಸ್ವಿಚ್ ಹಾಕಿದ್ರೆ ಸಾಕು, ನಾನು ಬಾಯಿ ತೆಗೆಯೋ ಮುಂಚೆ ಅದರಲ್ಲಿ ನನ್ನ ದನೀನೇ ಬರುತ್ತೆ. 'ಬಡಿಯಮ್ಮ ಬಾಗಿಲು' ಅಂತ. ಬೇರೆ ಯಾರಿಗೂ ಕೇಳ್ಸಲ್ಲ. ನಮ್ಮನೇಲಿ ಇದನ್ನ ಹೇಳಿದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾರೆ ಅಂತ ಹೇಳಿಲ್ಲ."

ಎಷ್ಟು ದಿನ ಒಂದೇ ಚಾವಣಿಯ ಕೆಳಗೆ ನಿಂತಿದ್ದರು ಇಬ್ಬರೂ! ಅವಳು ಅವನನ್ನು ಕಲ್ಲು ಮನಸ್ಸಿನವನು ಎಂದುಕೊಂಡಿದ್ದಳು. ಅವನು, ಈ ಹೆಂಗಸು ಎಲ್ಲ ಗೊತ್ತಿದ್ದೂ ಬಾಯಿ ಬಿಡದೆ ತನ್ನನ್ನು ಸುಡುತ್ತಿದ್ದಾಳೆ ಎಂದುಕೊಂಡಿದ್ದ. ತಪ್ಪು ತನ್ನೊಬ್ಬನದು ಎಂದು ಅವನೂ, ತನ್ನೊಬ್ಬಳದು ಎಂದು ಅವಳೂ ಒಂದೇ ಶವವನ್ನು ಬೇರೆಬೇರೆಯಾಗಿ ಹೊತ್ತಿದ್ದರು. ಪಂಪಕ್ಕನಿಗೆ ಅಳು ಬಂತು, ಅಳಲು ಹೊತ್ತಿರಲಿಲ್ಲ. ಟೈ ಕಟ್ಟಿದವನು ತನ್ನ ಕಾರಿನ ಹಾರ್ನಿಗೆ ಮೊಣಕೈಯನ್ನೇ ಊರಿಬಿಟ್ಟಿದ್ದ.

ಮ್ಯಾನೇಜರ್ ಎತ್ತಿದ ಕೈಯನ್ನು ಇಳಿಸಿ, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಆಮೇಲೆ ಸೀದಾ ಆ ಕಾರಿನ ಹತ್ತಿರ ಹೋಗಿ, ಕಿಟಕಿಯೊಳಗೆ ಕೈ ತೂರಿಸಿ, ಆ ಮೊಣಕೈಯನ್ನು ಹಾರ್ನಿನಿಂದ ಎತ್ತಿ ಪಕ್ಕಕ್ಕಿಟ್ಟ. "ಒಳಗೆ ಮನುಷ್ಯ ಮಲಗಿದಾನೆ. ಸದ್ದು ಮಾಡ್ಬೇಡಿ" ಎಂದ. ಆ ಮನುಷ್ಯ ರೇಗುವುದನ್ನೂ ಮರೆತು ಮಿಕಿಮಿಕಿ ನೋಡಿದ. ಮ್ಯಾನೇಜರ್ ತಗಡಿನ ಪಟ್ಟಿಯ ಕಡೆಯಿಂದ ಒಂದೊಂದೇ ಕಾರನ್ನು ಹಿಂದಕ್ಕೆ ತೆಗೆಸಿದ. ಗಾಳಿಯಣ್ಣ ರಸ್ತೆಗೆ ಹೋಗಿ ನಿಂತು, ಹೊಸದಾಗಿ ಬರುವವರನ್ನು ಮುಂದಿನ ಬಂಕಿಗೆ ಕಳಿಸಿದ. ಯಾಕೆ ಎಂದು ಕೇಳಿದವರಿಗೆಲ್ಲ ಬೇರೆಬೇರೆ ಕಾರಣ ಹೇಳಿದ. ಒಬ್ಬರಿಗೆ ಕರೆಂಟಿಲ್ಲ ಎಂದ, ಒಬ್ಬರಿಗೆ ಸ್ಟಾಕಿಲ್ಲ ಎಂದ, ಒಬ್ಬರಿಗೆ ಯಾರೋ ದೊಡ್ಡವರು ಬಂದಿದ್ದಾರೆ ಎಂದ. ಎರಡೂ ಕಡೆ ಹಗ್ಗ ಕಟ್ಟಿದರು. ಬಂಕು ಖಾಲಿಯಾಯಿತು. ವ್ಯಾಪಾರದ ಹೊತ್ತಿನಲ್ಲಿ ಅದು ಹಾಗೆ ಖಾಲಿಯಾದದ್ದನ್ನು ಪಂಪಕ್ಕ ನೋಡಿದ್ದೇ ಇಲ್ಲ. ಚಾವಣಿಯ ಕೆಳಗೆ ಒಂದು ಲಾರಿ, ಲಾರಿಯೊಳಗೊಂದು ಗೊರಕೆ.

ಅವಳು ಟ್ಯಾಂಕು ತುಂಬಿಸಿ ಮುಚ್ಚಳ ತಿರುಗಿಸಿ, ಮೂತಿಯನ್ನು ಪಂಪಿಗೆ ಸಿಕ್ಕಿಸಿ, ಬಾಗಿಲಿನ ಪಕ್ಕ ಡಬ್ಬವೊಂದನ್ನು ಮಗುಚಿಹಾಕಿ ಅದರ ಮೇಲೆ ಕೂತಳು. ಮ್ಯಾನೇಜರ್ ಗ್ಲಾಸಿನಲ್ಲಿ ಟೀ ತಂದು ಕೊಟ್ಟು, ತಾನೂ ಸ್ವಲ್ಪ ದೂರದಲ್ಲಿ ಕಂಬಕ್ಕೆ ಒರಗಿದ. ಕಂಬಗಳ ನೆರಳು ಉದ್ದವಾಗುತ್ತ ಹೋಯಿತು. ಒಳಗಿನಿಂದ ಗೊರಕೆ ಒಮ್ಮೆ ನಿಂತಿತು; ಇಬ್ಬರೂ ಒಟ್ಟಿಗೆ ತಲೆಯೆತ್ತಿದರು. ಡ್ರೈವರ್ ಮಗ್ಗುಲು ಬದಲಿಸಿದ್ದ ಅಷ್ಟೇ. ಸ್ಟೀರಿಂಗು ಬಿಟ್ಟು ಸೀಟಿನ ಮೇಲೆ ಉದ್ದಕ್ಕೆ ಕಾಲು ಚಾಚಿದ. ಈಗ ಅದು ಕದ್ದ ನಿದ್ದೆಯಾಗಿರಲಿಲ್ಲ, ಮನೆಯಲ್ಲಿ ಮಲಗಿದವನ ನಿದ್ದೆಯ ಹಾಗಿತ್ತು. ಪಂಪಕ್ಕ ಆ ಉಸಿರಾಟವನ್ನು ಕೇಳುತ್ತ, ಇಷ್ಟೇ ಬೇಕಾಗಿದ್ದದ್ದು, ಆವತ್ತು ಇಷ್ಟೇ ಸಾಕಾಗಿತ್ತು ಎಂದುಕೊಂಡಳು. ಕಣ್ಣೀರು ಟೀಯೊಳಗೆ ಬಿತ್ತು. ಒರೆಸಿಕೊಳ್ಳಲಿಲ್ಲ.

ಬಿಸಿಲು ಇಳಿದು ಬೇಕರಿಯವರು ದೀಪ ಹಾಕುವ ಹೊತ್ತಿಗೆ ಡ್ರೈವರ್ ತಾನಾಗಿಯೇ ಎದ್ದ. ಮೊದಲು ಕೈಗಳೆರಡು ಗಾಜಿನಲ್ಲಿ ಕಂಡವು, ಮೈಮುರಿಯುವ ಕೈಗಳು. ಆಮೇಲೆ ತಲೆ. ತಲೆ ಅತ್ತಿತ್ತ ತಿರುಗಿತು, ಆಕಾಶ ನೋಡಿತು. ಆಮೇಲೆ ಬಾಗಿಲು ಎಷ್ಟು ಜೋರಾಗಿ ತೆರೆಯಿತೆಂದರೆ ಪಂಪಕ್ಕ ಡಬ್ಬದಿಂದ ಎದ್ದು ಪಕ್ಕಕ್ಕೆ ಹಾರಬೇಕಾಯಿತು.

"ಏನ್ರೀ ಇದು!" ಎಂದು ಕೆಳಗೆ ಧುಮುಕಿದ. ಮುಖ ಕೆಂಪೇರಿತ್ತು, ಕಣ್ಣು ಮಾತ್ರ ಬೆಳ್ಳಗಾಗಿತ್ತು. "ಬೆಳಕೇ ಹೋಯ್ತಲ್ರೀ! ಆದ ತಕ್ಷಣ ಬಡೀರಿ ಅಂತ ಬಾಯಿಬಿಟ್ಟು ಹೇಳಿದ್ನೋ ಇಲ್ವೋ? ಕೈಗೇನಾಗಿತ್ತು ನಿಮಗೆ? ಗೋಡೌನ್ ಬಾಗಿಲು ಹಾಕಿರ್ತಾರೆ ಈಗ. ನಾಳೆವರೆಗೂ ಗೇಟಲ್ಲಿ ಬಿದ್ದಿರ್ಬೇಕು ನಾನು. ಓನರ್ ನನ್ನ ಚರ್ಮ ಸುಲೀತಾನೆ. ಇಂಥ ದರಿದ್ರ ಬಂಕು ಹುಟ್ಟಿದಾಗಿಂದ ನೋಡಿಲ್ಲ!"

ಮ್ಯಾನೇಜರ್ ಏನೋ ಹೇಳಲು ಬಾಯಿ ತೆರೆದ. ಪಂಪಕ್ಕ ಬೇಡ ಎಂದು ಕೈಸನ್ನೆ ಮಾಡಿದಳು.

"ಅಷ್ಟು ಹೊತ್ತು ಪಕ್ಕದಲ್ಲೇ ಕೂತಿದ್ರಲ್ಲ, ಟೀ ಕುಡೀತಾ!" ಡ್ರೈವರ್ ಅವಳತ್ತ ತಿರುಗಿದ. "ಮನುಷ್ಯರಾ ನೀವು? ಯಾಕೆ ಎಬ್ಬಿಸ್ಲಿಲ್ಲ? ಹೇಳಿ! ಯಾಕೆ ಎಬ್ಬಿಸ್ಲಿಲ್ಲ ನನ್ನ?"

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಉಗುಳು ಹಾರುತ್ತಿತ್ತು, ಕತ್ತಿನ ನರ ಉಬ್ಬಿತ್ತು, ಕೆನ್ನೆಯ ಮೇಲೆ ಸೀಟಿನ ಹೊಲಿಗೆಯ ಗೆರೆ ಒತ್ತಿಕೊಂಡಿತ್ತು. ಡ್ರಮ್ಮಿಗೆ, ಬೀರುವಿಗೆ, ಡಬ್ಬಿಗೆ ಕಿವಿಗೊಟ್ಟು ನಿಂತು ಅವಳು ಇಷ್ಟು ದಿನ ಕಾದದ್ದು ಒಂದು ಬೈಗುಳಕ್ಕೆ. ಯಾಕೆ ಎಬ್ಬಿಸಿದೆ ಎಂದು ಗಂಡ ಬಂದು ಬೈದಿದ್ದರೆ ಸಾಕಿತ್ತು. ಅವನು ಬಯ್ಯಲಿಲ್ಲ. ಈಗ ಇವನು ಬಯ್ಯುತ್ತಿದ್ದ, ಜೀವ ಇದ್ದವನಂತೆ, ಬಾಯಿಗೆ ಬಂದಂತೆ.

"ಬಯ್ಯಪ್ಪ" ಎಂದಳು ಅವಳು. "ಇನ್ನೂ ಬಯ್ಯಿ."

ಡ್ರೈವರ್ ತಬ್ಬಿಬ್ಬಾಗಿ ಮ್ಯಾನೇಜರನ ಮುಖ ನೋಡಿದ. ಅಲ್ಲಿಯೂ ಏನೂ ತಿಳಿಯಲಿಲ್ಲ. ಹುಚ್ಚರ ಸಂತೆ ಎಂದು ಗೊಣಗುತ್ತ ಡೀಸೆಲಿನ ದುಡ್ಡು ಕೊಟ್ಟು, ಹತ್ತಿ ಕೂತು, ಇಂಜಿನ್ ಚಾಲೂ ಮಾಡಿದ. ಗಾಳಿಯಣ್ಣ ಹಗ್ಗ ಬಿಚ್ಚಿದ. ಲಾರಿ ದೀಪದ ಕಂಬದ ಹತ್ತಿರ ಎರಡು ಸಲ ಹಿಂದೆ ಮುಂದೆ ಮಾಡಿ, ಕನ್ನಡಿಯನ್ನು ಚೂರು ತಾಗಿಸಿಕೊಂಡು, ಅದಕ್ಕೂ ಒಂದಿಷ್ಟು ಬೈದು, ಕಷ್ಟಪಟ್ಟು ರಸ್ತೆಗಿಳಿಯಿತು. ಅದರ ಸದ್ದು ಪೂರ್ತಿ ಅಡಗುವವರೆಗೂ ಪಂಪಕ್ಕ ಅಲ್ಲೇ ನಿಂತಿದ್ದಳು. ಆಮೇಲೆ ಮಗುಚಿದ ಡಬ್ಬವನ್ನು ಎತ್ತಿಟ್ಟು, ಮನೆಗೆ ಹೋಗಿ ಅತ್ತೆಗೆ ಎಲ್ಲಿಂದ ಶುರುಮಾಡಿ ಹೇಳಬೇಕು ಎಂದು ಯೋಚಿಸುತ್ತ ಬಸ್ ಸ್ಟಾಪಿನ ಕಡೆ ಹೊರಟಳು.